ಮಹಡಿಯ ಸೆಕೆ

ನಮ್ಮ ತಂದೆಯವರಿಗೆ ಒಂದು ಅಭ್ಯಾಸವಿತ್ತು. ರಾತ್ರಿ ಊಟವಾದ ಮೇಲೆ ಮನೆಯನ್ನೆಲ್ಲ ಒಂದು ಸುತ್ತು ಹಾಕುವರು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅದನ್ನು ಆರಿಸಿ, "ಗೋಡೆ ಏನಾದರೂ ಓದುತ್ತಿತ್ತೇನಯ್ಯ?" ಎಂದು ನಮ್ಮನ್ನು ಕೇಳುವರು. ಕೋಪದಿಂದಲ್ಲ, ನಿಜವಾಗಿಯೂ ಉತ್ತರ ಬೇಕಾದವರಂತೆ. ಅವರು ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ, ೧೯೦೫ರ ಆಗಸ್ಟ್ ೫ರಂದು, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಮೊದಲು ಉರಿದದ್ದು. ಅದಕ್ಕೂ ಮೂರು ವರ್ಷ ಮುಂಚೆ, ೧೯೦೨ರಲ್ಲಿ, ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಯನ್ನು ತಲುಪಿತ್ತು. ಆ ಕಾಲದವರಿಗೆ ದೀಪವೆಂದರೆ ಗುಂಡಿ ಒತ್ತಿದರೆ ಬರುವ ವಸ್ತುವಲ್ಲ. ಕಾವೇರಿ ಮೇಲಿನಿಂದ ಬಿದ್ದು ಪಟ್ಟ ಶ್ರಮದ ಫಲ. ಅದನ್ನು ಸುಮ್ಮನೆ ಉರಿಸುವುದೆಂದರೆ ಕುಡಿಯುವ ನೀರನ್ನು ಚರಂಡಿಗೆ ಚೆಲ್ಲಿದ ಹಾಗೆ.

ತಂದೆಯವರಿಂದ ನನಗೆ ಆಸ್ತಿ ಹೆಚ್ಚೇನೂ ಬರಲಿಲ್ಲ. ಈ ಅಭ್ಯಾಸ ಮಾತ್ರ ಪೂರ್ತಿಯಾಗಿ ಬಂತು. ಮನೆಯಲ್ಲಿ ಒಂದು ಫ್ಯಾನು ವೃಥಾ ತಿರುಗಿದರೆ ನನ್ನ ತಲೆಯೂ ತಿರುಗುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಕಡಿಮೆ ವಿದ್ಯುತ್ ಬಿಲ್ಲು ನನ್ನದು ಎಂಬ ಹೆಮ್ಮೆಯೊಂದು ನನಗಿತ್ತು. ಮಿತವ್ಯಯವು ಸದ್ಗುಣವೆಂದೂ, ಆ ಸದ್ಗುಣ ನನ್ನಲ್ಲಿದೆಯೆಂದೂ, ಅದು ಇಲ್ಲದವರಿಗೆ ಅದನ್ನು ಬೋಧಿಸುವುದು ನನ್ನ ಕರ್ತವ್ಯವೆಂದೂ ನಾನು ಬಹುಕಾಲ ನಂಬಿದ್ದೆ. ಈ ಮೂರು ನಂಬಿಕೆಗಳಲ್ಲಿ ಈಗ ಮೊದಲನೆಯದು ಮಾತ್ರ ಉಳಿದಿದೆ. ಉಳಿದೆರಡು ಹೇಗೆ ಹೋದುವೆಂಬುದನ್ನು ಹೇಳುವುದಕ್ಕಾಗಿ ಈ ಬರಹ.

೧೯೯೮ರಲ್ಲಿ ನಾನು ನಮ್ಮ ಮನೆಯ ಮೇಲೆ ಒಂದು ಮಹಡಿ ಕಟ್ಟಿಸಿದೆ. ನಿವೇಶನ ಮೂವತ್ತಕ್ಕೆ ನಲವತ್ತು ಅಡಿ. ಕೆಳಗೆ ನಾವು, ಮೇಲೆ ಬಾಡಿಗೆಗೆ. ನಿವೃತ್ತಿಯ ದಿನಗಳಿಗೆ ಒಂದು ಆಸರೆ ಎಂದು ಎಲ್ಲ ಮಧ್ಯಮವರ್ಗದವರೂ ಮಾಡುವ ಲೆಕ್ಕವನ್ನೇ ನಾನೂ ಮಾಡಿದೆ. ಮನೆ ಕಟ್ಟಿ ನೋಡು ಎಂಬ ಮಾತಿನ ಅರ್ಥ, ಕಟ್ಟಡ ಸಜ್ಜಾ ಮಟ್ಟಕ್ಕೆ ಬಂದಾಗ ಎಲ್ಲರಿಗೂ ತಿಳಿಯುತ್ತದೆ. ತಾರಸಿಯ ಕಾಂಕ್ರೀಟು ಹಾಕಿ ಮುಗಿಸುವ ಹೊತ್ತಿಗೆ ನನ್ನ ಕೈ ಬರಿದಾಗಿತ್ತು. ಆಗ ನಮ್ಮ ಮೇಸ್ತ್ರಿ ಒಂದು ಮಾತು ಹೇಳಿದ. "ಸ್ವಾಮಿ, ಬರೀ ಕಾಂಕ್ರೀಟು ಬಿಟ್ಟರೆ ಬೇಸಿಗೆಯಲ್ಲಿ ಒಳಗೆ ಕುಳಿತುಕೊಳ್ಳೋದಕ್ಕೆ ಆಗೋಲ್ಲ. ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ ಹಾಕಿ ಬಿಳೀ ಪಿಂಗಾಣಿ ಚೂರು ಕೂರಿಸಿಬಿಡೋಣ. ಹದಿನೆಂಟು ಸಾವಿರ ಆಗುತ್ತೆ." ನಾನು ಒಂದು ಗಳಿಗೆ ಯೋಚಿಸಿದೆ. ಯೋಚಿಸಿದೆನೆಂದು ಹೇಳುವುದೂ ತಪ್ಪು, ಮನಸ್ಸು ತಾನಾಗಿಯೇ ಒಂದು ಮಾತು ಹೇಳಿತು: "ಮೇಲೆ ಇರುವವನು ನೀನಲ್ಲವಲ್ಲ!" ಬಾಯಲ್ಲಿ ಮಾತ್ರ, "ಮುಂದೆ ನೋಡೋಣಪ್ಪ" ಎಂದೆ. ಆ ಮುಂದೆ ಎಂಬುದು ಇಪ್ಪತ್ತೆರಡು ವರ್ಷದ ಮೇಲೆ ಬಂತು.

ಮೇಲಿನ ಮನೆಗೆ ಹಲವರು ಬಂದರು, ಹೋದರು. ಎಲ್ಲರಿಗಿಂತ ಹೆಚ್ಚು ಕಾಲ ಇದ್ದವರು ಒಬ್ಬ ಹೈಸ್ಕೂಲು ಉಪಾಧ್ಯಾಯರು. ಹೆಂಡತಿ, ಒಂದು ಮಗು, ವಯಸ್ಸಾದ ತಾಯಿ. ಸಜ್ಜನರು. ಬಾಡಿಗೆ ಒಂದು ದಿನ ತಪ್ಪಿದ್ದಿಲ್ಲ. ಅವರಲ್ಲಿ ನನಗೆ ಕಂಡ ಒಂದೇ ದೋಷವೆಂದರೆ ಅವರ ವಿದ್ಯುತ್ ಬಿಲ್ಲು. ಬೇಸಿಗೆಯ ತಿಂಗಳುಗಳಲ್ಲಿ ಅದು ನನ್ನದರ ಮೂರರಷ್ಟು ಇರುತ್ತಿತ್ತು. ಎರಡು ಫ್ಯಾನು ಹಗಲೂ ರಾತ್ರಿ. ಅದರ ಮೇಲೆ ಒಂದು ಕೂಲರು. ನಾನು ಒಂದು ದಿನ ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿ, ನಮ್ಮ ತಂದೆಯವರ ಕಥೆಯನ್ನೂ ಗೋಡೆಯ ಓದಿನ ಮಾತನ್ನೂ ಹೇಳಿ, ಹನಿಗೂಡಿದರೆ ಹಳ್ಳ ಎಂಬ ಗಾದೆಯಿಂದ ಮುಗಿಸಿದೆ. ಅವರು ನಕ್ಕು, "ನೀವು ಹೇಳೋದು ನಿಜ ಸಾರ್" ಎಂದರು. ಆ ನಗುವಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

೨೦೧೬ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಉಷ್ಣಾಂಶ ೩೯.೨ ಡಿಗ್ರಿಗೆ ಏರಿತು. ಆ ತಿಂಗಳು ಉಪಾಧ್ಯಾಯರ ತಾಯಿ ದಿನವೂ ಮಧ್ಯಾಹ್ನ ಊಟವಾದ ಮೇಲೆ ನಿಧಾನವಾಗಿ ಒಂದೊಂದೇ ಮೆಟ್ಟಿಲಿಳಿದು ಬಂದು ನಮ್ಮ ಜಗಲಿಯ ಮೇಲೆ ಕುಳಿತುಕೊಳ್ಳುವರು. ಕೈಯಲ್ಲೊಂದು ಬೀಸಣಿಗೆ. "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುವರು. ನಮ್ಮ ಮನೆಯಾಕೆ ಮಜ್ಜಿಗೆ ಕೊಡುವಳು. ಇಬ್ಬರೂ ಸಂಜೆಯವರೆಗೆ ಮಾತನಾಡುವರು. ಪಾಪ, ಮುದುಕಿಗೆ ಮಾತಿಗೆ ಜನ ಬೇಕು ಎಂದು ನಾನು ತಿಳಿದೆ. ಮನುಷ್ಯನಿಗೆ ತಾನು ಕಾಣಬಾರದೆಂದಿರುವುದನ್ನು ಕಾಣದಿರುವ ಶಕ್ತಿಯನ್ನು ದೇವರು ಧಾರಾಳವಾಗಿ ಕೊಟ್ಟಿದ್ದಾನೆ.

ಕಣ್ಣು ತೆರೆದದ್ದು ಹತ್ತು ಸಾವಿರ ಮೈಲಿ ಆಚೆ.

ನನ್ನ ಮಗಳು ಕ್ಯಾಲಿಫೋರ್ನಿಯದಲ್ಲಿದ್ದಾಳೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದು ವಿಶೇಷವಲ್ಲ. ೨೦೧೯ರಲ್ಲಿ ನಾವು ಹೋಗಿದ್ದಾಗ ಅವಳೂ ಅಳಿಯನೂ ಬರ್ಕ್ಲಿ ನಗರದಲ್ಲಿ ಒಂದು ಹಳೆಯ ಮರದ ಮನೆ ಕೊಳ್ಳುವ ಸಡಗರದಲ್ಲಿದ್ದರು. ಆ ಊರಿನ ನಗರಸಭೆ ೨೦೧೫ರಲ್ಲಿ ಒಂದು ಕಾನೂನು ಮಾಡಿತ್ತು. ಮನೆ ಕೈಬದಲಾಗುವ ಸಮಯದಲ್ಲಿ ಆ ಮನೆ ಎಷ್ಟು ಶಕ್ತಿಯನ್ನು ನುಂಗುತ್ತದೆ, ಎಲ್ಲೆಲ್ಲಿ ಪೋಲಾಗುತ್ತದೆ ಎಂಬುದನ್ನು ತಜ್ಞನೊಬ್ಬನಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬೇಕು. ವರದಿಯಲ್ಲಿ ಮನೆಗೆ ಒಂದರಿಂದ ಹತ್ತರವರೆಗೆ ಅಂಕ. ದುರಸ್ತಿ ಮಾಡಲೇಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ; ಮನೆಯ ನಿಜಸ್ಥಿತಿ ತಿಳಿದಿರಬೇಕು, ಅಷ್ಟೆ. ಅದಕ್ಕೂ ಮೊದಲು, ೧೯೮೦ರ ದಶಕದಿಂದ ಇದ್ದ ಕಾನೂನು ಇನ್ನೂ ಬಿಗಿಯಾಗಿತ್ತಂತೆ. ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ, ಬಾಗಿಲ ಸಂದಿಗೆ ಪಟ್ಟಿ ಮುಂತಾದುವನ್ನು ಮಾಡಿಸಿಯೇ ಮಾರಬೇಕಾಗಿತ್ತು.

ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಒಬ್ಬ ಹುಡುಗ ಬಂದ. ಮುಂಬಾಗಿಲನ್ನು ತೆರೆದು ಅದರ ಚೌಕಟ್ಟಿಗೆ ಒಂದು ದಪ್ಪ ಬಟ್ಟೆಯನ್ನು ಬಿಗಿದು, ಅದರ ನಡುವೆ ಒಂದು ದೊಡ್ಡ ಫ್ಯಾನನ್ನು ಕೂರಿಸಿದ. ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಹಾಕಿದ. ಅದು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯತೊಡಗಿತು. ಆಮೇಲೆ ಕೈಯಲ್ಲಿ ಹೊಗೆ ಬರುವ ಒಂದು ಕಡ್ಡಿಯನ್ನು ಹಿಡಿದು ಗೋಡೆಯ ಮೂಲೆ, ಕಿಟಕಿಯ ಕಟ್ಟು, ಸ್ವಿಚ್ಚಿನ ಸಂದು ಎಲ್ಲ ಕಡೆ ಓಡಾಡಿದ. ಮುಚ್ಚಿದೆಯೆಂದು ನಾವು ತಿಳಿದಿದ್ದ ಕಡೆಗಳಲ್ಲೆಲ್ಲ ಹೊಗೆ ಒಳಕ್ಕೆ ನುಗ್ಗಿ ಸುಳಿಯಾಡಿತು. ಊದುಬತ್ತಿ ಹಿಡಿದುಕೊಂಡು ಮನೆಯ ಪಾಪಗಳನ್ನು ಹುಡುಕುವ ಪುರೋಹಿತನ ಹಾಗೆ ಕಂಡ ಆತ. ಆ ಚೆಂದದ ಮನೆಗೆ ಬಂದ ಅಂಕ ಹತ್ತಕ್ಕೆ ಮೂರು.

ನಾನು ಸುಮ್ಮನಿರಲಾರದೆ ಆ ಹುಡುಗನನ್ನು ಕೇಳಿದೆ: "ಅಲ್ಲಪ್ಪ, ಮಾರಿ ಹೊರಟುಹೋಗುವವನಿಗೆ ಈ ಖರ್ಚು ಯಾಕೆ? ಮುಂದೆ ಬಿಲ್ಲು ಕಟ್ಟುವವನು ಅವನಲ್ಲವಲ್ಲ!" ಹುಡುಗ ತನ್ನ ಸಾಮಾನನ್ನು ಜೋಡಿಸುತ್ತ, "ಅದಕ್ಕೇ" ಎಂದ. "ಕಟ್ಟುವವನು ಅವನಲ್ಲ. ಅದಕ್ಕೇ ಈ ಕಾನೂನು."

ಆ ರಾತ್ರಿ ನಿದ್ದೆ ಬರಲಿಲ್ಲ. ಹೊತ್ತುಗೊತ್ತಿನ ವ್ಯತ್ಯಾಸದಿಂದ ಎಂದು ಮಗಳಿಗೆ ಹೇಳಿದೆ. ನಿಜವಾಗಿ ನನಗೆ ೧೯೯೮ರ ಒಂದು ಮಧ್ಯಾಹ್ನ ನೆನಪಿಗೆ ಬಂದಿತ್ತು. "ಮೇಲೆ ಇರುವವನು ನೀನಲ್ಲವಲ್ಲ" ಎಂದು ಮನಸ್ಸು ಅಂದು ಹೇಳಿದ ಮಾತನ್ನೇ ಇಂದು ಆ ಹುಡುಗನ ಮುಂದೆ ಬಾಯಿಬಿಟ್ಟು ಆಡಿದ್ದೆ. ಇಷ್ಟು ವರ್ಷವೂ ನಾನು ಉಪಾಧ್ಯಾಯರ ಬಿಲ್ಲನ್ನು ಅವರ ಬಿಲ್ಲೆಂದು ತಿಳಿದಿದ್ದೆ. ಅದರಲ್ಲಿ ಅರ್ಧ ನನ್ನದು. ನಾನು ಉಳಿಸಿದ ಹದಿನೆಂಟು ಸಾವಿರವನ್ನು ಅವರು ತಿಂಗಳು ತಿಂಗಳು ಕಂತಿನಲ್ಲಿ ಕಟ್ಟುತ್ತಿದ್ದರು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿಯೆಲ್ಲ ಅದನ್ನು ಒಳಕ್ಕೆ ಉಗುಳುತ್ತದೆ. ಅದರ ಕೆಳಗೆ ಮಲಗಿದವರು ಫ್ಯಾನು ಆರಿಸುವುದು ಹೇಗೆ? ಅಂಥವರನ್ನು ನಾನು ಮೆಟ್ಟಿಲಲ್ಲಿ ನಿಲ್ಲಿಸಿ ಮಿತವ್ಯಯದ ಮೇಲೆ ಉಪನ್ಯಾಸ ಕೊಟ್ಟಿದ್ದೆ! ಅವರ ಖರ್ಚಿಗೆ ಕಾರಣನೂ ನಾನೇ, ಉಪದೇಶಕನೂ ನಾನೇ.

ಅಂದಿನಿಂದ ಈ ವಿಷಯವನ್ನು ನಾನು ಮನಸ್ಸಿನಲ್ಲಿ ಹಲವು ಬಗೆಯಾಗಿ ತಿರುಗಿಸಿ ನೋಡಿದ್ದೇನೆ. ಉಳಿತಾಯವನ್ನು ಸರ್ಕಾರವಾಗಲಿ ನಗರಸಭೆಯಾಗಲಿ ಬಲವಂತವಾಗಿ ಮಾಡಿಸಬಹುದೇ? ಮಿತವ್ಯಯ ಅವರವರ ಗುಣವಲ್ಲವೇ? ನನ್ನ ದುಡ್ಡು, ನನ್ನ ನಿವೇಶನ, ನನ್ನ ತಾರಸಿ; ನಡುವೆ ಪಾಲಿಕೆಯ ಮಾತೇನು?

ಈ ವಾದಕ್ಕೆ ಬಲವಿಲ್ಲವೆಂದು ನಾನು ಹೇಳುವುದಿಲ್ಲ. ನಾನು ನನ್ನ ಕೋಣೆಯಲ್ಲಿ ದೀಪ ಉರಿಸಿಕೊಂಡು ಮಲಗಿದರೆ ಅದು ನನ್ನ ಮೂರ್ಖತನ. ದಂಡವನ್ನೂ ನಾನೇ ತೆರುತ್ತೇನೆ. ಆದರೆ ಮನೆ ಕಟ್ಟುವುದು ದೀಪ ಉರಿಸುವ ಹಾಗಲ್ಲ. ಗೋಡೆ ಎಷ್ಟು ದಪ್ಪ, ಕಿಟಕಿ ಯಾವ ದಿಕ್ಕಿಗೆ, ತಾರಸಿಯ ಮೇಲೇನು ಎಂಬುದನ್ನು ಕಟ್ಟುವವನು ಒಂದು ಸಲ ತೀರ್ಮಾನಿಸುತ್ತಾನೆ. ಇರುವವರು ಐವತ್ತು ಅರವತ್ತು ವರ್ಷ ಅದನ್ನು ಅನುಭವಿಸುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಆ ದಿನ ಹುಟ್ಟಿಯೇ ಇರುವುದಿಲ್ಲ. ಅವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಬಾಡಿಗೆಗೆ ಬರುವವನು ಗೋಡೆಗೆ ಸುಣ್ಣ ಬಳಿದಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಬಲ್ಲ. ಏಪ್ರಿಲ್‌ನ ಸೆಕೆಯನ್ನು ಡಿಸೆಂಬರ್‌ನಲ್ಲಿ ನೋಡಲಾರ. ಹೀಗಿರುವಾಗ ಬಲವಂತ ಮಾಡುವವನು ಯಾರು? ಕಾನೂನು ಕಟ್ಟುವವನನ್ನು ಬಲವಂತ ಮಾಡುತ್ತದೆಯೆಂದು ನಾವು ದೂರುತ್ತೇವೆ. ಕಟ್ಟುವವನು ಮುಂದೆ ಬರುವವರನ್ನೆಲ್ಲ ಆಗಲೇ ಬಲವಂತ ಮಾಡಿಯಾಗಿದೆ. ಕಾನೂನು ಮಾಡುವುದು ಇಷ್ಟೆ: ಅಲ್ಲಿಲ್ಲದವನ ಪರವಾಗಿ ಒಂದು ಮಾತು ಆಡುವುದು.

ಕ್ಯಾಲಿಫೋರ್ನಿಯದವರು ಈ ಮಾತನ್ನು ಬೇಗ ಅರಿತುಕೊಂಡರು. ೧೯೭೪ರಲ್ಲಿ, ತೈಲದ ಬಿಕ್ಕಟ್ಟಿನ ನೆನಪು ಹಸಿಯಾಗಿದ್ದಾಗ, ಶಕ್ತಿಗಾಗಿಯೇ ಒಂದು ಆಯೋಗವನ್ನು ಸ್ಥಾಪಿಸುವ ಶಾಸನ ಮಾಡಿದರು. ೧೯೭೮ರಲ್ಲಿ ಹೊಸ ಕಟ್ಟಡಗಳಿಗೆ ಶಕ್ತಿಮಿತವ್ಯಯದ ನಿಯಮಗಳನ್ನು ತಂದರು. ಆರ್ಥರ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ ತನ್ನ ಕಣಗಳ ಸಂಶೋಧನೆಯನ್ನು ಬಿಟ್ಟು ಕಿಟಕಿ, ದೀಪ, ತಂಗಳುಪೆಟ್ಟಿಗೆಗಳ ಹಿಂದೆ ಬಿದ್ದರು. ಎಪ್ಪತ್ತರ ದಶಕದ ನಡುವಿನಿಂದ ಮುಂದೆ ಮೂರು ದಶಕ ಆ ಸಂಸ್ಥಾನದಲ್ಲಿ ತಲಾ ವಿದ್ಯುತ್ ಬಳಕೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಅಮೆರಿಕದ ಉಳಿದ ಭಾಗದಲ್ಲಿ ಅದು ಸುಮಾರು ಅರ್ಧದಷ್ಟು ಏರಿತು. ಪುಣ್ಯವೆಲ್ಲ ಕಾನೂನಿನದೇ ಅಲ್ಲ. ಅಲ್ಲಿನ ಕರಾವಳಿಯ ಹಿತವಾದ ಹವೆ, ವಿದ್ಯುತ್ತಿನ ದುಬಾರಿ ಬೆಲೆ, ಭಾರೀ ಕಾರ್ಖಾನೆಗಳ ಕೊರತೆ ಇವೂ ಸೇರಿವೆ. ಆದರೂ ಕಾನೂನಿಗೆ ಸಲ್ಲಬೇಕಾದ ಪಾಲು ಸಣ್ಣದಲ್ಲ.

ನನಗೆ ಅಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಕಾನೂನಿಗಿಂತ ಅದರ ಹಿಂದಿನ ಕಲಿಸುವ ಏರ್ಪಾಡು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಒಂಬತ್ತು ಜಿಲ್ಲೆಗಳ ಸ್ಥಳೀಯ ಸರ್ಕಾರಗಳು ಸೇರಿ ಬೇರೆನ್ ಎಂಬ ಒಂದು ಕೂಟ ಮಾಡಿಕೊಂಡಿವೆ; ಅದರ ಕೆಲಸ ೨೦೧೩ರಿಂದ ನಡೆದಿದೆ. ಮನೆಯವರು ಅಟ್ಟಕ್ಕೆ ಹೊದಿಕೆ ಹಾಕಿಸಿದರೆ ಅದರಿಂದ ಇಷ್ಟು ಎಂದು ಹಣ ಹಿಂದಕ್ಕೆ ಬರುತ್ತಿತ್ತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ನಕ್ಷೆಗೆ ಮಂಜೂರಾತಿ ಕೊಡುವ ನಗರಸಭೆಯ ನೌಕರರಿಗೂ ಕಟ್ಟಡದ ಗುತ್ತಿಗೆದಾರರಿಗೂ ತರಗತಿಗಳನ್ನು ನಡೆಸಿದರು. ಯಾಕೆಂದರೆ ನಿಯಮ ಬರೆಯುವವನು ರಾಜಧಾನಿಯಲ್ಲಿ ಇರುತ್ತಾನೆ. ಬಾಗಿಲ ಸಂದಿಗೆ ಪಟ್ಟಿ ಬಡಿಯುವವನು ಏಣಿಯ ಮೇಲೆ ಇರುತ್ತಾನೆ. ಇಬ್ಬರ ನಡುವೆ ಮಾತುಕತೆ ಇಲ್ಲದಿದ್ದರೆ ನಿಯಮ ಕಡತದಲ್ಲಿಯೇ ತಣ್ಣಗಿರುತ್ತದೆ. ಮನೆ ಬಿಸಿಯಾಗಿಯೇ ಇರುತ್ತದೆ.

ನಮ್ಮ ದೇಶದಲ್ಲಿಯೂ ನಿಯಮಗಳಿಗೆ ಬರವಿಲ್ಲ. ೨೦೦೧ರಲ್ಲಿ ಇಂಧನ ಸಂರಕ್ಷಣೆಯ ಶಾಸನ ಬಂತು. ೨೦೦೭ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಸಂಹಿತೆ. ೨೦೧೮ರಲ್ಲಿ ವಾಸದ ಮನೆಗಳಿಗೆಂದೇ ಇಕೋ ನಿವಾಸ್ ಸಂಹಿತೆ. ತಾರಸಿಯ ಮೂಲಕ ಒಳಕ್ಕೆ ಇಳಿಯುವ ಶಾಖಕ್ಕೆ ಇಷ್ಟೇ ಎಂಬ ಮಿತಿಯನ್ನು ಅದು ಗೊತ್ತುಮಾಡಿತು. ಓದಿದಾಗ ನನಗೆ ಸಂತೋಷವಾಯಿತು. ಮುಂದಿನ ಸಾಲಿಗೆ ಬಂದಾಗ ನಗು ಬಂತು. ಆ ಸಂಹಿತೆ ೫೦೦ ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಿಗೆ ಮಾತ್ರ. ನನ್ನ ಮೂವತ್ತಕ್ಕೆ ನಲವತ್ತರ ನಿವೇಶನ ೧೧೧ ಚದರ ಮೀಟರು. ಊರಿನ ಬಹುಪಾಲು ಬಾಡಿಗೆಯ ಮಹಡಿಗಳು ಇಂಥ ನಿವೇಶನಗಳ ಮೇಲೆಯೇ ನಿಂತಿವೆ. ಅಂದರೆ ನನ್ನಂಥವನನ್ನು ಅದು ಮುಟ್ಟುವುದಿಲ್ಲ. ಅದರ ಆಸರೆ ಹೆಚ್ಚು ಬೇಕಾದ ಉಪಾಧ್ಯಾಯರಂಥವರನ್ನೂ ಮುಟ್ಟುವುದಿಲ್ಲ.

ಇನ್ನು ಬಲವಂತಕ್ಕೆ ಬದಲು ಬಹುಮಾನದ ದಾರಿ. ಅದನ್ನೂ ನಾವು ಕಂಡಿದ್ದೇವೆ. ತಾರಸಿಯ ಮೇಲೆ ಸೌರ ನೀರುಕಾಯಿಸುವ ಯಂತ್ರ ಇಟ್ಟವರಿಗೆ ಬೆಂಗಳೂರಿನಲ್ಲಿ ಬಹಳ ವರ್ಷ ಯೂನಿಟ್ಟಿಗೆ ೫೦ ಪೈಸೆಯಂತೆ, ತಿಂಗಳಿಗೆ ೫೦ ರೂಪಾಯಿ ಮೀರದಂತೆ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತಿತ್ತು. ಠಾಣೆಯಂಥ ನಗರದ ಪಾಲಿಕೆ ಮನೆ ತೆರಿಗೆಯಲ್ಲಿಯೇ ರಿಯಾಯಿತಿ ಕೊಟ್ಟಿತು. ೨೦೧೫ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಹೊಸಬೆಳಕು ಎಂಬ ಯೋಜನೆಯಲ್ಲಿ ಎಲ್‌ಇಡಿ ಬಲ್ಬುಗಳನ್ನು ಅಗ್ಗವಾಗಿ ಹಂಚಿದರು. ನಾನೂ ಸಾಲಿನಲ್ಲಿ ನಿಂತು ತಂದೆ. ಐವತ್ತು ರೂಪಾಯಿಯ ಆಸೆಗೆ ಮಾಡಿದ ಉಳಿತಾಯ ಸದ್ಗುಣವೇ ಎಂದು ಯಾರಾದರೂ ಕೇಳಬಹುದು. ಅಲ್ಲವೆಂದೇ ನನ್ನ ಉತ್ತರ. ಆದರೆ ಪಾಲಿಕೆಗೆ ಬೇಕಾದದ್ದು ನನ್ನ ಸದ್ಗುಣವಲ್ಲ, ಉಳಿದ ವಿದ್ಯುತ್ತು. ಸದ್ಗುಣದ ಲೆಕ್ಕವನ್ನು ಬೇರೆ ಕಡೆ ಒಪ್ಪಿಸಬೇಕು. ಲೋಕದ ಕೆಲಸವೆಲ್ಲ ಸದ್ಗುಣಿಗಳಿಗಾಗಿ ಕಾದು ಕುಳಿತರೆ ಎಂದೂ ಆಗುವುದಿಲ್ಲ ಎಂಬುದಕ್ಕೆ ನನ್ನ ತಾರಸಿಯೇ ಸಾಕ್ಷಿ.

ಬಹುಮಾನದಲ್ಲಿಯೂ ತೊಡಕುಗಳಿವೆ. ೨೦೨೩ರ ಆಗಸ್ಟ್‌ನಿಂದ ನಮ್ಮ ರಾಜ್ಯದ ಮನೆಗಳಿಗೆ ತಿಂಗಳಿಗೆ ೨೦೦ ಯೂನಿಟ್ ಮೀರದಂತೆ ವಿದ್ಯುತ್ತನ್ನು ಉಚಿತವಾಗಿ ಕೊಡತೊಡಗಿದಾಗ, ಪ್ರತಿಯೊಂದು ಮನೆಗೂ ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತರಷ್ಟು ಸೇರಿಸಿ ಮಿತಿಯನ್ನು ನಿಗದಿ ಮಾಡಿದರು. ಬಡವರ ಮನೆಗಳಲ್ಲಿ ಇದು ಎಷ್ಟು ದೊಡ್ಡ ಹಗುರವೆಂಬುದನ್ನು ಬಲ್ಲವರು ಬಲ್ಲರು. ನಾನು ಅದನ್ನು ಹಳಿಯುವವನಲ್ಲ. ಆದರೆ ಹಿಂದಿನ ವರ್ಷ ಧಾರಾಳವಾಗಿ ಉರಿಸಿದ ನೆರೆಯವರಿಗೆ ಧಾರಾಳವಾದ ಮಿತಿ ಬಂತು. ಕೈಬಿಗಿದು ಬಳಸಿದ ನನಗೆ ಕೈಬಿಗಿದೇ ಬಂತು. ನಮ್ಮ ಮನೆಯಾಕೆ, "ಮಾವನವರ ಅಭ್ಯಾಸಕ್ಕೆ ಸರ್ಕಾರ ಕೊಟ್ಟ ಬಿರುದು" ಎಂದು ನಕ್ಕಳು. ಬಹುಮಾನ ಎಂಬುದು ಯಾವಾಗಲೂ ಲೆಕ್ಕದ ಪುಸ್ತಕವನ್ನು ನೋಡುತ್ತದೆ. ಪುಸ್ತಕದ ಹಿಂದಿನ ಮನುಷ್ಯನನ್ನು ನೋಡಲಾರದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳವಾದದ್ದು. ೧೮೬೫ರಲ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಕಲ್ಲಿದ್ದಲಿನ ವಿಷಯವಾಗಿ ಒಂದು ಗ್ರಂಥ ಬರೆದ. ಉಗಿಯಂತ್ರಗಳು ಕಡಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವಂತಾದಾಗ ದೇಶದ ಕಲ್ಲಿದ್ದಲು ಉಳಿಯಲಿಲ್ಲ; ಉಗಿಯಂತ್ರ ಅಗ್ಗವಾಗಿ ಎಲ್ಲ ಕಡೆ ಹಬ್ಬಿ, ಬಳಕೆ ಇನ್ನೂ ಹೆಚ್ಚಿತು ಎಂದು ಅವನು ತೋರಿಸಿದ. ಮನೆಯ ಮಟ್ಟಿಗೂ ಇದನ್ನು ಹೇಳಬಹುದು. ತಾರಸಿ ತಂಪಾಗಿ ಬಿಲ್ಲು ಇಳಿದರೆ, ಉಳಿದ ಹಣದಲ್ಲಿ ಇನ್ನೊಂದು ಯಂತ್ರ ಕೊಂಡು ಉರಿಸುತ್ತಾರೆ, ಹಾಗಾದರೆ ಉಳಿದದ್ದೇನು?

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಅದಕ್ಕೆ ಉತ್ತರ ಸಿಕ್ಕಿದ್ದು ಅಹಮದಾಬಾದಿನ ಸುದ್ದಿಯಲ್ಲಿ. ೨೦೧೦ರ ಮೇ ತಿಂಗಳಲ್ಲಿ ಆ ಊರಿನ ಉಷ್ಣಾಂಶ ೪೬.೮ ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ, ಸಾಮಾನ್ಯ ವರ್ಷಗಳಿಗಿಂತ ೧,೩೪೪ ಸಾವು ಹೆಚ್ಚಾಗಿ ಸಂಭವಿಸಿದುವೆಂದು ಆಮೇಲೆ ವಿದ್ವಾಂಸರು ಲೆಕ್ಕ ಹಾಕಿದರು. ಅಲ್ಲಿನ ನಗರಪಾಲಿಕೆ ಎಚ್ಚೆತ್ತು ೨೦೧೩ರಲ್ಲಿ ಬಿಸಿಲ ಬೇಗೆಯನ್ನು ಎದುರಿಸುವ ಯೋಜನೆಯೊಂದನ್ನು ಮಾಡಿತು. ೨೦೧೭ರಲ್ಲಿ ಕೊಳೆಗೇರಿಗಳ ಸೂರುಗಳಿಗೆ ಬಿಳಿಯ ಬಣ್ಣ ಬಳಿಯುವ ಕೆಲಸವನ್ನು ಕೈಗೊಂಡಿತು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಇಂಥ ಸೂರಿನ ಕೆಳಗೆ ೨ರಿಂದ ೫ ಡಿಗ್ರಿಯವರೆಗೆ ಸೆಕೆ ಇಳಿಯಬಹುದೆಂದು ಅಂದಾಜು. ೨೦೨೩ರಲ್ಲಿ ತೆಲಂಗಾಣ ಸರ್ಕಾರ ತಂಪು ಸೂರಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ಆ ಕೊಳೆಗೇರಿಯ ಮನೆಗಳಲ್ಲಿ ಉಳಿಸುವುದಕ್ಕೆ ವಿದ್ಯುತ್ತೇನು ಮಹಾ ಇತ್ತು? ಒಂದು ಫ್ಯಾನು, ಒಂದು ದೀಪ. ಯೂನಿಟ್ಟಿನ ಲೆಕ್ಕದಲ್ಲಿ ಆ ಬಿಳಿಯ ಬಣ್ಣ ಏನನ್ನೂ ಉಳಿಸಿರಲಾರದು. ಆದರೆ ಹಗಲೆಲ್ಲ ದುಡಿದು ಬಂದವನು ರಾತ್ರಿ ನಾಲ್ಕು ಗಂಟೆ ಕಣ್ಣುಮುಚ್ಚಿದ. ಜೆವನ್ಸ್ ಹೇಳಿದ್ದು ಸುಳ್ಳಲ್ಲ. ಉಳಿದದ್ದು ಬೇರೆ ಕಡೆ ಖರ್ಚಾಗುತ್ತದೆ. ಆದರೆ ಎಲ್ಲಿ, ಯಾರಿಂದ ಎಂದು ಕೇಳಬೇಕು. ಉಳ್ಳವನು ಉಳಿಸಿದ್ದರಲ್ಲಿ ನಾಲ್ಕನೆಯ ಕೋಣೆಯನ್ನೂ ತಂಪುಮಾಡಿಕೊಂಡರೆ ಅದು ಪೋಲು. ಇಲ್ಲದವನು ಉಳಿಸಿದ್ದರಲ್ಲಿ ಮಗುವಿನ ಓದಿಗೆ ಇನ್ನೊಂದು ಗಂಟೆ ದೀಪ ಉರಿಸಿದರೆ ಅದನ್ನು ಪೋಲು ಎನ್ನುವವನಿಗೆ ಲೆಕ್ಕ ಬರುತ್ತದೆ, ಮತ್ತೇನೂ ಬರುವುದಿಲ್ಲ. ನಾನು ಇಷ್ಟು ದಿನ ಉಳಿತಾಯವನ್ನು ಮೀಟರಿನಲ್ಲಿ ಓದುತ್ತಿದ್ದೆ. ಅದನ್ನು ಓದಬೇಕಾದದ್ದು ಜಗಲಿಯ ಮೇಲೆ ಬೀಸಣಿಗೆ ಹಿಡಿದು ಕುಳಿತ ಆ ಮುದುಕಿಯ ಮುಖದಲ್ಲಿ.

ಊರಿಗೆ ಹಿಂದಿರುಗುವ ಹೊತ್ತಿಗೆ ಉಪಾಧ್ಯಾಯರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮನೆ ಖಾಲಿಮಾಡಿ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದರು. ಗೋಡೆಯಲ್ಲಿ ಒಂದು ಮೊಳೆಯ ತೂತೂ ಇರಲಿಲ್ಲ. ಕೊನೆಯ ತಿಂಗಳ ವಿದ್ಯುತ್ ಬಿಲ್ಲನ್ನೂ ಕಟ್ಟಿ ರಸೀದಿಯನ್ನು ಕಿಟಕಿಯಲ್ಲಿ ಇಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಖಾಲಿ ಕೋಣೆಯಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಅದು ಡಿಸೆಂಬರ್ ತಿಂಗಳು. ಕೋಣೆ ತಂಪಾಗಿಯೇ ಇತ್ತು.

೨೦೨೦ರ ಫೆಬ್ರವರಿಯಲ್ಲಿ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಅವನಿಗೂ ವಯಸ್ಸಾಗಿತ್ತು, ಕೆಲಸ ಮಾಡಿದವನು ಅವನ ಮಗ. ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ, ಮೇಲೆ ಬಿಳಿಯ ಪಿಂಗಾಣಿ ಚೂರು. ಹದಿನೆಂಟು ಸಾವಿರದ ಕೆಲಸ ಈಗ ಲಕ್ಷವನ್ನು ದಾಟಿತು. ನಮ್ಮ ತಾತನ ಕಾಲದ ಮದ್ರಾಸು ತಾರಸಿಯ ಮನೆಗಳಲ್ಲಿ ಯಾವ ಸಂಹಿತೆಯೂ ಹೇಳದೆಯೇ ಇದನ್ನೆಲ್ಲ ಮಾಡುತ್ತಿದ್ದರು. ಕಟ್ಟುವವನೂ ಇರುವವನೂ ಒಬ್ಬನೇ ಆಗಿದ್ದಾಗ ಕಾನೂನಿನ ಅಗತ್ಯವಿರಲಿಲ್ಲ. ಇಬ್ಬರೂ ಬೇರೆಯಾದ ದಿನ ನಡುವೆ ಒಂದು ಸಂದು ಬಿಟ್ಟಿತು. ಆ ಬರ್ಕ್ಲಿಯ ಹುಡುಗನ ಹೊಗೆ ನುಗ್ಗಿದ್ದು ಅಂಥ ಸಂದಿನಲ್ಲಿಯೇ. ಹೊಸ ಮನೆಗಳಲ್ಲಿ ಆ ಸಂದನ್ನು ಕಾನೂನು ಮುಚ್ಚೀತು. ಕಟ್ಟಿ ಮುಗಿದ ಹಳೆಯ ಮನೆಗಳಿಗೆ, ಅದರಲ್ಲಿಯೂ ಕಾನೂನಿನ ಕಣ್ಣಿಗೆ ಬೀಳದಷ್ಟು ಸಣ್ಣ ಮನೆಗಳಿಗೆ, ಯಜಮಾನನ ಮನಸ್ಸಾಕ್ಷಿಯ ಹೊರತು ಬೇರೆ ಅಧಿಕಾರಿ ಇಲ್ಲ. ಆ ಅಧಿಕಾರಿ ಎಷ್ಟು ನಿಧಾನಸ್ಥನೆಂಬುದನ್ನು ನಾನು ಬಲ್ಲೆ.

ಈಗ ಮೇಲೆ ಇರುವವರು ಗಂಡ ಹೆಂಡತಿ ಇಬ್ಬರೇ; ಇಬ್ಬರಿಗೂ ಕಂಪ್ಯೂಟರಿನ ಕೆಲಸ. ೨೦೨೪ರ ಏಪ್ರಿಲ್ ಕೊನೆಯಲ್ಲಿ ಉಷ್ಣಾಂಶ ಮತ್ತೆ ೩೮.೫ ಡಿಗ್ರಿಗೆ ಏರಿದಾಗ ಆ ಹುಡುಗ ಮೆಟ್ಟಿಲಲ್ಲಿ ಸಿಕ್ಕಿ, "ನಮ್ಮ ಆಫೀಸಿನವರೆಲ್ಲ ಮನೆ ಕಾದ ಹೆಂಚಾಗಿದೆ ಅಂತಾರೆ ಸಾರ್. ನಿಮ್ಮ ಮನೆ ತಂಪಾಗಿದೆ. ನಾವು ಅದೃಷ್ಟವಂತರು" ಎಂದ. ಅದೇ ಮೆಟ್ಟಿಲು. ತಾರಸಿಯ ಕಥೆಯನ್ನು ಹೇಳೋಣವೆಂದು ಬಾಯಿಯವರೆಗೆ ಬಂತು. ಅದರ ಹಿಂದೆಯೇ, ಮುಂದಿನ ವರ್ಷ ಬಾಡಿಗೆಯನ್ನು ಐನೂರು ಏರಿಸಿದರೆ ತಪ್ಪೇನು ಎಂಬ ಯೋಚನೆಯೂ ಬಂತು. ಎರಡನ್ನೂ ನುಂಗಿಕೊಂಡು, "ಹೌದಪ್ಪ, ಗಾಳಿ ಚೆನ್ನಾಗಿದೆ" ಎಂದೆ.

ಬೇಸಿಗೆಯ ಮಧ್ಯಾಹ್ನ ಈಗ ನಮ್ಮ ಜಗಲಿಯ ಮೇಲೆ ಯಾರೂ ಬಂದು ಕುಳಿತುಕೊಳ್ಳುವುದಿಲ್ಲ. ನಮ್ಮ ಮನೆಯಾಕೆ ಮಾತ್ರ ಒಮ್ಮೊಮ್ಮೆ ಹಳೆಯ ಅಭ್ಯಾಸದಿಂದ ಎರಡು ಲೋಟ ಮಜ್ಜಿಗೆ ಹೆಚ್ಚಾಗಿ ಮಾಡಿಬಿಡುತ್ತಾಳೆ.